ಅವಳಿ ಸ್ಫಟಿಕವೋ, ಅಸ್ತವ್ಯಸ್ತ ಅಣುವೋ?

ಡಿಫ್ರಾಕ್ಟೋಮೀಟರ್ ರಾತ್ರಿಯೆಲ್ಲ ಓಡಿ ಡೇಟಾ ಕೊಟ್ಟಿದೆ. ತಂತ್ರಾಂಶ ಲೋಹದ ಪರಮಾಣುವನ್ನೂ ಅದರ ಸುತ್ತಲಿನ ಉಂಗುರಗಳನ್ನೂ ಸಲೀಸಾಗಿ ಹುಡುಕಿಕೊಟ್ಟಿದೆ. ಅಲ್ಲಿಂದ ಮುಂದೆ ಮಾತ್ರ ಗಾಡಿ ನಿಂತಿದೆ. ಶೇ 5ರ ಆಸುಪಾಸಿಗೆ ಬರಬೇಕಾದ ಆರ್ ಮೌಲ್ಯ ಶೇ 13ಕ್ಕೆ ಬಂದು ಕೂತುಬಿಟ್ಟಿದೆ, ಜಪ್ಪಯ್ಯ ಅಂದರೂ ಕೆಳಗಿಳಿಯುತ್ತಿಲ್ಲ. ಡಿಫರೆನ್ಸ್ ಮ್ಯಾಪಿನಲ್ಲಿ ಯಾವ ಪರಮಾಣುವಿಗೂ ಸೇರದ ಎಲೆಕ್ಟ್ರಾನ್ ಸಾಂದ್ರತೆಯ ಗುಡ್ಡೆಗಳು ಎದ್ದಿವೆ. ಸ್ಫಟಿಕ ರಚನೆ ಬಿಡಿಸಲು ಕಲಿಯುತ್ತಿರುವ ಎಲ್ಲ ಸಂಶೋಧನಾ ವಿದ್ಯಾರ್ಥಿಗಳಿಗೂ ಇದು ಪರಿಚಿತವಾದ ಗೋಳು.

ಇಂಥ ಹೊತ್ತಿನಲ್ಲಿ ಸಂಶಯ ಹೋಗುವುದು ಇಬ್ಬರ ಮೇಲೆ. ಒಂದು ಟ್ವಿನ್ನಿಂಗ್: ಒಂದೇ ಸ್ಫಟಿಕದಂತೆ ಕಾಣುವ ತುಂಡಿನೊಳಗೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಎರಡು ಅಥವಾ ಹೆಚ್ಚು ಭಾಗಗಳಿರುವುದು. ಇನ್ನೊಂದು ಡಿಸಾರ್ಡರ್: ಸ್ಫಟಿಕ ಒಂದೇ ಆದರೂ ಅದರ ಕೋಶದಿಂದ ಕೋಶಕ್ಕೆ ಅಣು, ಇಲ್ಲವೇ ಅಣುವಿನ ಒಂದು ತುಂಡು, ಬೇರೆ ಬೇರೆ ರೀತಿ ಕೂತಿರುವುದು. ಇವೆರಡರ ಲಕ್ಷಣಗಳು ಹೊರನೋಟಕ್ಕೆ ಒಂದೇ ಥರ. ಅದೇ ಅಪಾಯ. ಅವಳಿಯನ್ನು ಡಿಸಾರ್ಡರ್ ಎಂದುಕೊಂಡು ಮಾದರಿ ಕಟ್ಟಿದರೆ, ಸ್ಫಟಿಕದಲ್ಲಿ ಇಲ್ಲವೇ ಇಲ್ಲದ ಪರಮಾಣುಗಳನ್ನು ನಾವೇ ಅಲ್ಲಿ ನೆಟ್ಟಂತಾಗುತ್ತದೆ. ಬಂಧದ ಉದ್ದಗಳು ಹಾಳಾಗುತ್ತವೆ, ಆ ಉದ್ದಗಳನ್ನು ನಂಬಿ ಬರೆಯುವ ರಸಾಯನಶಾಸ್ತ್ರವೂ ಹಾಳಾಗುತ್ತದೆ. ಡಿಸಾರ್ಡರ್ ಇರುವಲ್ಲಿ ಅವಳಿ ನಿಯಮ ತುರುಕಿದರೂ ನಷ್ಟ ಕಡಿಮೆಯೇನಲ್ಲ.

ನನ್ನ ಮಾತು ಇಷ್ಟೇ: ಈ ಪ್ರಶ್ನೆಗೆ ಉತ್ತರವನ್ನು ಮೊದಲು ಆರ್ ಮೌಲ್ಯದಲ್ಲಿ ಹುಡುಕಬೇಡಿ. ಸೂಕ್ಷ್ಮದರ್ಶಕದ ಕೆಳಗಿರುವ ಸ್ಫಟಿಕದಲ್ಲಿ, ಕಚ್ಚಾ ಫ್ರೇಮುಗಳಲ್ಲಿ, ತೀವ್ರತೆಗಳ ಹಂಚಿಕೆಯಲ್ಲಿ ಹುಡುಕಿ. ಆರ್ ಮೌಲ್ಯದ ಸರದಿ ಕೊನೆಗೆ ಬರಲಿ.

ಮೊದಲು ಕೂಡುವುದೋ, ಮೊದಲು ವರ್ಗ ಮಾಡುವುದೋ

ಒಂದು ಅಡಿಕೆ ತೋಟವಿದೆ ಎನ್ನಿ. ಅರ್ಧ ತೋಟದಲ್ಲಿ ಸಾಲುಗಳು ಉತ್ತರ-ದಕ್ಷಿಣಕ್ಕೂ ಉಳಿದರ್ಧದಲ್ಲಿ ಓರೆಯಾಗಿಯೂ ಇದ್ದರೆ ಅದು ಅವಳಿ. ಎರಡೂ ಭಾಗ ತಂತಮ್ಮೊಳಗೆ ಶಿಸ್ತಾಗಿಯೇ ಇವೆ. ಸಾಲುಗಳೆಲ್ಲ ಒಂದೇ ದಿಕ್ಕಿಗಿದ್ದು, ನಡುನಡುವೆ ಅಡಿಕೆಯ ಗುಣಿಯಲ್ಲಿ ತೆಂಗು ಎದ್ದಿದ್ದರೆ, ಅಥವಾ ಕೆಲವು ಮರ ಎಡಕ್ಕೂ ಕೆಲವು ಬಲಕ್ಕೂ ವಾಲಿದ್ದರೆ ಅದು ಡಿಸಾರ್ಡರ್.

ಎಕ್ಸ್-ಕಿರಣಕ್ಕೆ ಇವೆರಡೂ ಬೇರೆ ಬೇರೆ ಲೆಕ್ಕ. ಅವಳಿಯ ಭಾಗಗಳು ಸಾಕಷ್ಟು ದೊಡ್ಡವಾದ್ದರಿಂದ ಒಂದು ಭಾಗದಿಂದ ಹೊರಟ ಅಲೆ ಇನ್ನೊಂದರ ಅಲೆಯೊಡನೆ ಬೆರೆಯುವುದಿಲ್ಲ. ಪ್ರತಿ ಭಾಗವೂ ತನ್ನ ತೀವ್ರತೆಯನ್ನು ತಾನೇ ಕೊಡುತ್ತದೆ, ಡಿಟೆಕ್ಟರ್ ಅವನ್ನು ಕೂಡಿಸಿ ದಾಖಲಿಸುತ್ತದೆ. ಡಿಸಾರ್ಡರ್ ಇರುವ ಸ್ಫಟಿಕದಲ್ಲಿ ಅಕ್ಕಪಕ್ಕದ ಕೋಶಗಳಿಂದ ಬಂದ ಅಲೆಗಳು ಮೊದಲು ತಮ್ಮ ತಮ್ಮಲ್ಲೇ ಕೂಡಿ ಕಳೆದುಕೊಳ್ಳುತ್ತವೆ, ಉಳಿದ ಮೊತ್ತದ ವರ್ಗ ತೀವ್ರತೆಯಾಗುತ್ತದೆ. ಎರಡು ವಿನ್ಯಾಸಗಳು ಅರ್ಧರ್ಧ ಇವೆ, ಒಂದರ ಅಲೆ 5, ಇನ್ನೊಂದರದು ವಿರುದ್ಧ ಹಂತದ ಮೈನಸ್ 3 ಎಂದಿಟ್ಟುಕೊಳ್ಳಿ. ಡಿಸಾರ್ಡರ್ ಆದರೆ ಸರಾಸರಿ 1, ಅದರ ವರ್ಗವೂ 1. ಅವಳಿಯಾದರೆ 25 ಮತ್ತು 9ರ ಸರಾಸರಿ, 17. ಅದೇ ಎರಡು ವಿನ್ಯಾಸ, ಅದೇ ಅರ್ಧರ್ಧ ಪಾಲು. ದಾಖಲಾಗುವ ಸಂಖ್ಯೆ ಮಾತ್ರ ಒಂದಕ್ಕೆ ಹದಿನೇಳು. ಮುಂದೆ ಹೇಳುವ ಬಹುಪಾಲು ಪರೀಕ್ಷೆಗಳು ಈ ಒಂದು ಲೆಕ್ಕದಿಂದಲೇ ಹುಟ್ಟಿದವು.

ಕ್ವಾರ್ಟ್ಜ್ ಇದಕ್ಕೆ ಒಳ್ಳೆಯ ಪಾಠ. 573 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಮೂರ್ಮಡಿ ಸಮ್ಮಿತಿಯ ಆಲ್ಫಾ ರೂಪದಲ್ಲಿರುತ್ತದೆ, ಮೇಲೆ ಆರ್ಮಡಿ ಸಮ್ಮಿತಿಯ ಬೀಟಾ ರೂಪ. ಬಿಸಿ ಕ್ವಾರ್ಟ್ಜ್ ತಣಿಯುತ್ತ ಆ ಗಡಿ ದಾಟುವಾಗ ಅದರ ಮುಂದೆ ಎರಡು ಸಮಾನ ದಾರಿಗಳಿರುತ್ತವೆ. ಒಂದು ಇನ್ನೊಂದನ್ನು ಉದ್ದಕ್ಷದ ಸುತ್ತ 180 ಡಿಗ್ರಿ ತಿರುಗಿಸಿದ್ದು. ಸ್ಫಟಿಕದ ಕೆಲವು ಭಾಗ ಒಂದು ದಾರಿ ಹಿಡಿದರೆ ಕೆಲವು ಇನ್ನೊಂದನ್ನು ಹಿಡಿಯುತ್ತವೆ. ಖನಿಜಶಾಸ್ತ್ರದಲ್ಲಿ ಇದಕ್ಕೆ ದೋಫಿನೇ ಅವಳಿ ಎಂದು ಹೆಸರು. ಎರಡೂ ಭಾಗಗಳ ಜಾಲಕ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದರಿಂದ ಫ್ರೇಮಿನಲ್ಲಿ ಒಂದೇ ಒಂದು ಹೆಚ್ಚುವರಿ ಚುಕ್ಕಿಯೂ ಕಾಣುವುದಿಲ್ಲ. ಧ್ರುವೀಕೃತ ಬೆಳಕಿನಲ್ಲೂ ಗುಟ್ಟು ಬಿಟ್ಟುಕೊಡುವುದಿಲ್ಲ, ಏಕೆಂದರೆ ಎರಡರ ದೃಗಕ್ಷವೂ ಒಂದೇ, ಬೆಳಕನ್ನು ತಿರುಗಿಸುವ ದಿಕ್ಕೂ ಒಂದೇ.

573 ಡಿಗ್ರಿ ಹತ್ತಿರವಾದಂತೆ ಈ ಭಾಗಗಳು ಚಿಕ್ಕವಾಗುತ್ತ ಹೋಗುವುದನ್ನು 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿದೆ. ಅವು ತೀರ ಚಿಕ್ಕವಾದರೆ ಅವುಗಳ ಅಲೆಗಳು ಬೆರೆಯಲು ಶುರುವಾಗುತ್ತವೆ. ಆಗ ಎಕ್ಸ್-ಕಿರಣದ ದೃಷ್ಟಿಯಲ್ಲಿ ಅದು ಅವಳಿಯಾಗಿ ಉಳಿಯದೆ ಡಿಸಾರ್ಡರ್ ಆಗುತ್ತದೆ. ಬೀಟಾ ಕ್ವಾರ್ಟ್ಜಿನಲ್ಲಿ ಆಮ್ಲಜನಕದ ಎಲಿಪ್ಸಾಯ್ಡುಗಳು ಅಸಹಜವಾಗಿ ಉಬ್ಬಿಕೊಂಡಿರುವುದು ಎರಡು ದಿಕ್ಕುಗಳ ಸರಾಸರಿಯಿಂದಲೋ, ನಿಜಕ್ಕೂ ಆರ್ಮಡಿಯಾದ ಒಂದೇ ರಚನೆ ಜೋರಾಗಿ ಕಂಪಿಸುವುದರಿಂದಲೋ ಎಂಬ ವಾದ ದಶಕಗಳ ಕಾಲ ನಡೆದಿದೆ. ಈ ರೂಪಾಂತರದ ಬಗ್ಗೆ ಬೆಂಗಳೂರಿನಿಂದಲೇ ಒಂದು ಮುಖ್ಯ ಸುಳಿವು ಹೊರಟಿತ್ತು. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿ ಕ್ವಾರ್ಟ್ಜನ್ನು ಕಾಯಿಸುತ್ತ ಅದು ಚದುರಿಸಿದ ಬೆಳಕನ್ನು ಅಳೆದರು. ಒಂದು ಕಂಪನದ ರೇಖೆ ರೂಪಾಂತರದ ಕಡೆ ಸಾಗಿದಂತೆ ಕೆಳಗಿಳಿದು, ಅಗಲವಾಗಿ, ಮಸುಕಾಗುವುದನ್ನು ಕಂಡು ನೇಚರ್ ಪತ್ರಿಕೆಗೆ ಬರೆದರು. ರಚನೆ ಬದಲಾಗುವ ಮುನ್ನ ಆ ಬದಲಾವಣೆಯ ಹಾದಿಯಲ್ಲಿರುವ ಕಂಪನವೇ ಸಡಿಲಗೊಳ್ಳುತ್ತದೆ ಎಂಬ ವಿಚಾರದ ಮೊದಲ ಪ್ರಾಯೋಗಿಕ ಸುಳಿವುಗಳಲ್ಲಿ ಅದೂ ಒಂದು.

ಪ್ರಯೋಗಾಲಯದಲ್ಲಿ ಕ್ವಾರ್ಟ್ಜಿನ ಈ ಪಾಠದಿಂದ ಉಪಯೋಗವಿದೆ. ನಿಮ್ಮ ವಸ್ತು ಕೋಣೆಯ ಉಷ್ಣತೆಯಿಂದ 100 ಕೆಲ್ವಿನ್‌ಗೆ ತಣಿಯುವಾಗ ಸಮ್ಮಿತಿ ಕಳೆದುಕೊಳ್ಳುವ ಜಾತಿಯದಾಗಿದ್ದರೆ, ಅವಳಿಯನ್ನು ನಿಮ್ಮ ಕ್ರಯೋಸ್ಟ್ರೀಮ್‌ನಲ್ಲಿ ನೀವೇ ತಯಾರಿಸುತ್ತಿದ್ದೀರಿ. ಅದೇ ಸ್ಫಟಿಕವನ್ನು ಒಮ್ಮೆ ಬೆಚ್ಚಗೆ, ಒಮ್ಮೆ ತಣ್ಣಗೆ ಅಳೆದು ನೋಡುವುದು ಯಾವ ತಂತ್ರಾಂಶಕ್ಕಿಂತಲೂ ಚೆನ್ನಾಗಿ ಉತ್ತರ ಕೊಡುತ್ತದೆ.

ಕಣ್ಣಿಗೆ ಕಾಣುವ ಸಾಕ್ಷಿ

ಸ್ಫಟಿಕವನ್ನು ಎಣ್ಣೆಯಲ್ಲಿಟ್ಟು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ, ಎರಡು ಪೋಲರೈಸರುಗಳನ್ನು ಅಡ್ಡಕ್ಕಿಟ್ಟು, ನಿಧಾನವಾಗಿ ತಿರುಗಿಸಿ. ಒಳ್ಳೆಯ ಏಕಸ್ಫಟಿಕ ಒಂದು ಪೂರ್ತಿ ಸುತ್ತಿನಲ್ಲಿ ನಾಲ್ಕು ಸಲ, ಇಡೀ ಮೈ ಒಟ್ಟಿಗೆ, ಕಪ್ಪಾಗುತ್ತದೆ. ಒಂದು ಪಾಲು ಕಪ್ಪಾದಾಗ ಇನ್ನೊಂದು ಪಾಲು ಹೊಳೆಯುತ್ತಿದ್ದರೆ, ನಡುವೆ ನೇರವಾದ ಗೆರೆ ಇದ್ದರೆ, ಅದು ಅವಳಿ. ಎಷ್ಟೋ ಸಲ ಆ ಗೆರೆಯ ಮೇಲೇ ಬ್ಲೇಡ್ ಇಟ್ಟು ಕತ್ತರಿಸಿದರೆ ಏಕಸ್ಫಟಿಕವೇ ಕೈಗೆ ಸಿಗುತ್ತದೆ. ಹೊರಮೈಯಲ್ಲಿ ಒಳಕ್ಕೆ ಮಡಿಚಿದ ಮೂಲೆ ಕಂಡರೂ ಅನುಮಾನಪಡಿ. ಆದರೆ ಇಡೀ ಸ್ಫಟಿಕ ಏಕರೂಪವಾಗಿ ಕಪ್ಪಾಯಿತೆಂದು ಅವಳಿ ಇಲ್ಲವೆಂದು ತೀರ್ಮಾನಿಸಬೇಡಿ. ಕ್ವಾರ್ಟ್ಜಿನ ಕಥೆ ಆಗಲೇ ನೋಡಿದೆವು, ಕ್ಯೂಬಿಕ್ ಸ್ಫಟಿಕಗಳಂತೂ ಯಾವಾಗಲೂ ಕಪ್ಪೇ.

ಮುಂದಿನದು ಫ್ರೇಮ್. ಇಂದಿನ ಯಂತ್ರಗಳು ಅಳತೆ ಮುಗಿಯುವ ಮುಂಚೆಯೇ ಕೋಶವನ್ನೂ ರಚನೆಯನ್ನೂ ತಾವೇ ಹೇಳಿಬಿಡುವುದರಿಂದ ಫ್ರೇಮ್ ತೆರೆದು ನೋಡುವ ರೂಢಿ ತಪ್ಪಿಹೋಗುತ್ತಿದೆ. ಇದು ನನಗೆ ನಿಜಕ್ಕೂ ಕಳವಳದ ವಿಷಯ. ನಾಲ್ಕಾರು ಫ್ರೇಮುಗಳನ್ನಾದರೂ ದೊಡ್ಡದು ಮಾಡಿ ನೋಡಿ. ಕೆಲವು ಚುಕ್ಕಿಗಳು ಚೂಪಾಗಿ, ಕೆಲವು ಒಡೆದು ಜೋಡಿಯಾಗಿ ಕಂಡರೆ, ಇಂಡೆಕ್ಸ್ ಮಾಡುವಾಗ ಮೂರರಲ್ಲೊಂದು ಚುಕ್ಕಿ ಹೊರಗುಳಿದರೆ, ಅಥವಾ ರಾಸಾಯನಿಕವಾಗಿ ಅರ್ಥವಿಲ್ಲದಷ್ಟು ಉದ್ದನೆಯ ಒಂದು ಅಕ್ಷ ಬಂದರೆ, ಅದು ಎರಡು ಜಾಲಕಗಳು ಭಾಗಶಃ ಮಾತ್ರ ಹೊಂದುವ ಅವಳಿ, ಅಂದರೆ ನಾನ್-ಮೆರೊಹೆಡ್ರಲ್. ರೆಸಿಪ್ರೊಕಲ್ ಜಾಲಕವನ್ನು ಪರದೆಯ ಮೇಲೆ ತಿರುಗಿಸುತ್ತಿದ್ದರೆ ಎರಡು ಸಾಲುಗಳ ನಡುವೆ ನುಸುಳಿದ ಮೂರನೆಯ ಸಾಲು ಕಣ್ಣಿಗೆ ಹೊಡೆಯುತ್ತದೆ. ಸೆಲ್-ನೌ ಥರದ ತಂತ್ರಾಂಶ ಎರಡನೆಯ ಭಾಗವನ್ನು ಹುಡುಕಿ, ಅದು ಮೊದಲನೆಯದರಿಂದ ಯಾವ ಅಕ್ಷದ ಸುತ್ತ ಎಷ್ಟು ತಿರುಗಿದೆ ಎಂದು ಹೇಳುತ್ತದೆ. ಉತ್ತರ ಒಂದು ಸರಳ ಅಕ್ಷದ ಸುತ್ತ 180 ಡಿಗ್ರಿ ಎಂದು ಬಂದರೆ ಅವಳಿ. ಯಾವುದೋ ಅಡ್ಡಾದಿಡ್ಡಿ ಅಕ್ಷದ ಸುತ್ತ 7 ಡಿಗ್ರಿ ಎಂದು ಬಂದರೆ ಅದು ಪಕ್ಕದಲ್ಲಿ ಅಂಟಿಕೊಂಡ ಇನ್ನೊಂದು ಸ್ಫಟಿಕ. ಲೆಕ್ಕದ ವಿಧಾನ ಒಂದೇ ಆದರೂ ಪ್ರಬಂಧದಲ್ಲಿ ಅವಳಿ ಎಂದು ಬರೆಯುವಂತಿಲ್ಲ.

ಡಿಸಾರ್ಡರ್ ಎಷ್ಟೇ ಇದ್ದರೂ ಹೊಸ ಚೂಪಾದ ಚುಕ್ಕಿಯನ್ನು ಹುಟ್ಟಿಸುವುದಿಲ್ಲ. ಅದು ಚುಕ್ಕಿಗಳಿಂದ ಕಿತ್ತುಕೊಂಡ ತೀವ್ರತೆಯನ್ನು ಹಿನ್ನೆಲೆಯಲ್ಲಿ ಮಸುಕಾಗಿ ಹರಡುತ್ತದೆ. ಒಂದೇ ದಿಕ್ಕಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಎಳೆದಂತೆ ಗೆರೆಗಳು ಕಂಡರೆ ಪದರಗಳ ಜೋಡಣೆಯಲ್ಲಿ ಎಡವಟ್ಟಿದೆ ಎಂದರ್ಥ. ಇಲ್ಲಿ ಇನ್ನೊಂದು ಗುಂಡಿ ಇದೆ, ಬೀಳುವವರು ಬಹಳ. ಪ್ರಬಲ ಚುಕ್ಕಿಗಳ ನಡುವೆ ದುರ್ಬಲವಾದ, ಆದರೆ ಚೂಪಾದ, ಚುಕ್ಕಿಗಳ ಸಾಲು ಇದ್ದು ಯಂತ್ರ ಅವನ್ನು ಕಡೆಗಣಿಸಿದರೆ, ನಾವು ನಿಜವಾದ ಕೋಶದ ಅರ್ಧವನ್ನೇ ಇಡೀ ಕೋಶ ಎಂದುಕೊಂಡಿರುತ್ತೇವೆ. ಆಗ ಎರಡು ಬೇರೆ ಬೇರೆ ಅಣುಗಳು ಒಂದರ ಮೇಲೊಂದು ಬಿದ್ದು, ಇಲ್ಲದ ಡಿಸಾರ್ಡರ್ ಎದ್ದು ಕಾಣುತ್ತದೆ. ಇದಕ್ಕೆ ಮದ್ದು ಕೋಶವನ್ನು ಸರಿಪಡಿಸುವುದೊಂದೇ.

ಚುಕ್ಕಿಗಳೇ ಬಾಯಿಬಿಡದಿದ್ದಾಗ

ಕಷ್ಟ ಇರುವುದು ಜಾಲಕಗಳು ಪೂರ್ತಿ ಹೊಂದುವ ಮೆರೊಹೆಡ್ರಲ್ ಮತ್ತು ಹೆಚ್ಚುಕಡಿಮೆ ಹೊಂದುವ ಸ್ಯೂಡೊ-ಮೆರೊಹೆಡ್ರಲ್ ಅವಳಿಗಳಲ್ಲಿ. ಮೊದಲನೆಯದು ಬರುವುದು ಟೆಟ್ರಾಗೊನಲ್, ಟ್ರೈಗೊನಲ್, ಹೆಕ್ಸಾಗೊನಲ್, ಕ್ಯೂಬಿಕ್ ವ್ಯವಸ್ಥೆಗಳ ಕೆಳ ಸಮ್ಮಿತಿಯ ಗುಂಪುಗಳಲ್ಲಿ. ಎರಡನೆಯದು ಆಕಸ್ಮಿಕದ ಕೂಸು: ಮಾನೊಕ್ಲಿನಿಕ್ ಕೋಶದ ಬೀಟಾ ಕೋನ 90ಕ್ಕೆ ಬಹಳ ಹತ್ತಿರವಿದ್ದರೆ, ಅಥವಾ ಎ ಮತ್ತು ಸಿ ಅಕ್ಷಗಳ ಉದ್ದ ಒಂದೇ ಆಗಿಬಿಟ್ಟರೆ, ಜಾಲಕಕ್ಕೆ ರಚನೆಗಿಂತ ಹೆಚ್ಚಿನ ಸಮ್ಮಿತಿ ಬಂದುಬಿಡುತ್ತದೆ. ಕೋಶದ ಅಳತೆ ನೋಡಿದ ಕ್ಷಣವೇ ಈ ಸಾಧ್ಯತೆ ತಲೆಗೆ ಬರಬೇಕು.

ಇಲ್ಲಿ ಸಾಕ್ಷಿ ಹೇಳುವುದು ತೀವ್ರತೆಗಳ ಸಂಖ್ಯಾಶಾಸ್ತ್ರ. ಮೇಲಿನ 17ರ ಲೆಕ್ಕವನ್ನು ಮತ್ತೆ ನೋಡಿ. ಪರಸ್ಪರ ಸಂಬಂಧವಿಲ್ಲದ ಎರಡು ತೀವ್ರತೆಗಳನ್ನು ಕೂಡಿದಾಗ ಎರಡೂ ಒಟ್ಟಿಗೆ ಸೊನ್ನೆಯ ಹತ್ತಿರ ಇರುವುದು ಅಪರೂಪ, ಎರಡೂ ಒಟ್ಟಿಗೆ ಮುಗಿಲು ಮುಟ್ಟುವುದೂ ಅಪರೂಪ. ಹಾಗಾಗಿ ಅವಳಿಯ ಡೇಟಾದಲ್ಲಿ ತೀರ ದುರ್ಬಲ ಚುಕ್ಕಿಗಳೂ ತೀರ ಪ್ರಬಲ ಚುಕ್ಕಿಗಳೂ ಕಡಿಮೆಯಾಗಿ ಎಲ್ಲ ನಡುಮಟ್ಟಕ್ಕೆ ಸರಿಯುತ್ತವೆ. ಇದನ್ನು ಅಳೆಯಲು ನಾರ್ಮಲೈಸ್ ಮಾಡಿದ ಇ ಮೌಲ್ಯದ ವರ್ಗದಿಂದ 1 ಕಳೆದು, ಚಿಹ್ನೆ ಬಿಟ್ಟು, ಸರಾಸರಿ ತೆಗೆಯುತ್ತಾರೆ. ಸಮ್ಮಿತಿ ಕೇಂದ್ರವಿರುವ ರಚನೆಗೆ ಅದು 0.968, ಇಲ್ಲದ್ದಕ್ಕೆ 0.736 ಬರಬೇಕು. ಕೇಂದ್ರವಿಲ್ಲದ ರಚನೆ ಅರ್ಧರ್ಧ ಅವಳಿಯಾದರೆ 0.541ರ ತನಕ ಇಳಿಯುತ್ತದೆ. ನಿಮ್ಮ ಫೈಲಿನಲ್ಲಿ 0.6 ಎಂದು ಕಂಡರೆ ಅಲ್ಲೇ ನಿಂತು ಯೋಚಿಸಿ. ಸಾಮಾನ್ಯ ಡಿಸಾರ್ಡರ್ ಈ ಸಂಖ್ಯೆಯನ್ನು ಹೀಗೆ ಕೆಳಗೆಳೆಯುವುದಿಲ್ಲ. ಅದು ಬಹಳಮಟ್ಟಿಗೆ ದೊಡ್ಡ ಕೋನದ ಚುಕ್ಕಿಗಳನ್ನು ಮಂಕಾಗಿಸುತ್ತದೆ ಅಷ್ಟೇ. ಎರಡನ್ನೂ ಬೇರ್ಪಡಿಸಲು ನಮ್ಮ ಕೈಲಿರುವ ಅತ್ಯಂತ ಹರಿತವಾದ ಆಯುಧ ಇದೇ ಎಂದು ನಾನು ಭಾವಿಸುತ್ತೇನೆ.

ಆಯುಧಕ್ಕೂ ಮಿತಿ ಇದೆ. ಕೋಶದೊಳಗೆ ಅಣುಗಳು ಹೆಚ್ಚುಕಡಿಮೆ ಅರ್ಧ ಅಕ್ಷದಷ್ಟು ಸರಿದು ಮರುಕಳಿಸಿದ್ದರೆ, ಅಥವಾ ಭಾರದ ಪರಮಾಣು ವಿಶೇಷ ಸ್ಥಾನದಲ್ಲಿದ್ದರೆ, ಚುಕ್ಕಿಗಳಲ್ಲಿ ಒಂದು ಗುಂಪು ಪ್ರಬಲ, ಒಂದು ಗುಂಪು ದುರ್ಬಲ ಆಗಿ ಸರಾಸರಿ ಮೇಲಕ್ಕೆ ಹೋಗುತ್ತದೆ. ಅವಳಿಯೂ ಇದ್ದರೆ ಒಂದು ಮೇಲೆತ್ತಿ ಇನ್ನೊಂದು ಕೆಳಗೆಳೆದು, ಫಲಿತಾಂಶ ನಿರಪಾಯಕಾರಿ ಸಂಖ್ಯೆಯಾಗಿ ಕಾಣುತ್ತದೆ. ಈ ತೊಡಕಿಗೆ ಪಡಿಲ್ಲಾ ಮತ್ತು ಯೇಟ್ಸ್ 2003ರಲ್ಲಿ ಕೊಟ್ಟ ಎಲ್-ಪರೀಕ್ಷೆ ಉತ್ತರ. ಅದು ನೆರೆಹೊರೆಯ ಚುಕ್ಕಿಗಳನ್ನು ಮಾತ್ರ ಜೋಡಿ ಮಾಡಿ, ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುತ್ತದೆ. ಸಮ್ಮಿತಿ ಕೇಂದ್ರವಿಲ್ಲದ ಮಾಮೂಲಿ ಡೇಟಾಕ್ಕೆ ಇದರ ಸರಾಸರಿ ಗಾತ್ರ 0.5, ಪೂರ್ಣ ಅವಳಿಗೆ 0.375. ಪ್ರೋಟೀನ್ ಸ್ಫಟಿಕಗಳವರು ಇದನ್ನು ದಿನವೂ ಬಳಸುತ್ತಾರೆ. ಪ್ರೋಟೀನ್ ರಚನೆಗಳಿಗೆ ಸಮ್ಮಿತಿ ಕೇಂದ್ರ ಇರುವುದೇ ಇಲ್ಲವಾದ್ದರಿಂದ ಅಲ್ಲಿ ಸಂಖ್ಯೆಗಳನ್ನು ಓದುವುದೂ ಸುಲಭ.

ಸಣ್ಣ ಅಣುಗಳವರಿಗೆ ಗೊಟಿಂಗೆನ್‌ನ ರೆಗಿನೆ ಹರ್ಬ್ಸ್ಟ್-ಇರ್ಮರ್ ಮತ್ತು ಜಾರ್ಜ್ ಶೆಲ್ಡ್ರಿಕ್ 1998ರಲ್ಲಿ ಬರೆದ ಪ್ರಬಂಧದಲ್ಲಿ ಅಪಾಯದ ಚಿಹ್ನೆಗಳೆಲ್ಲ ಒಂದೆಡೆ ಇವೆ. ಇವತ್ತಿಗೂ ಅದನ್ನು ಓದದೆ ಅವಳಿಗೆ ಕೈಹಾಕಬಾರದು. ಅದರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ರಿಫೈನ್‌ಮೆಂಟ್ ಪಟ್ಟಿಯ ಕೊನೆಯಲ್ಲಿ ಸಿಗುವ ಎರಡು ಮಾಹಿತಿ. ಮಾದರಿಗೂ ಡೇಟಾಕ್ಕೂ ಅತಿ ಹೆಚ್ಚು ಜಗಳವಿರುವ ಐವತ್ತು ಚುಕ್ಕಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಅಳೆದ ತೀವ್ರತೆಯೇ ಲೆಕ್ಕದ್ದಕ್ಕಿಂತ ಹೆಚ್ಚಿದ್ದರೆ, ಯಾರೋ ಹೊರಗಿನಿಂದ ತೀವ್ರತೆ ತಂದು ಸುರಿಯುತ್ತಿದ್ದಾರೆ ಎಂದರ್ಥ, ಅದು ಅವಳಿಯ ಇನ್ನೊಂದು ಭಾಗ. ಅದೇ ರೀತಿ ಅತಿ ದುರ್ಬಲ ಚುಕ್ಕಿಗಳ ಗುಂಪಿನಲ್ಲಿ ಕೆ ಮೌಲ್ಯ, ಅಂದರೆ ಅಳೆದ ತೀವ್ರತೆಗೂ ಲೆಕ್ಕದ್ದಕ್ಕೂ ಇರುವ ಅನುಪಾತ, 1ರ ಸುತ್ತ ಇರಬೇಕಾದದ್ದು 4, 5 ಎಂದು ಏರಿರುತ್ತದೆ. ಡಿಸಾರ್ಡರ್ ತಪ್ಪಿಸಿಕೊಂಡಿದ್ದರೆ ತಪ್ಪುಗಳು ಎರಡೂ ಕಡೆ ಹಂಚಿಕೊಂಡಿರುತ್ತವೆ.

ಮ್ಯಾಪ್ ಏನು ಹೇಳುತ್ತದೆ

ಡಿಸಾರ್ಡರ್‌ಗೆ ವಿಳಾಸವಿದೆ. ಉಳಿದ ಸಾಂದ್ರತೆ ಒಂದು ಪರ್ಕ್ಲೋರೇಟಿನ ಸುತ್ತ, ಒಂದು ಟರ್ಷಿಯರಿ ಬ್ಯುಟೈಲಿನ ತುದಿಯಲ್ಲಿ, ಸಮ್ಮಿತಿ ಕೇಂದ್ರದ ಮೇಲೆ ಕೂತ ಟಾಲ್ಯೂಯಿನಿನಲ್ಲಿ ಗುಡ್ಡೆ ಬಿದ್ದಿರುತ್ತದೆ; ಅಲ್ಲಿನ ಎಲಿಪ್ಸಾಯ್ಡುಗಳು ಸಿಗಾರಿನಂತೆ ಉದ್ದವಾಗಿರುತ್ತವೆ; ಅಣುವಿನ ಉಳಿದ ಭಾಗ ಮಾತ್ರ ಅಚ್ಚುಕಟ್ಟು. ಗುಡ್ಡೆಗಳನ್ನು ಜೋಡಿಸಿದರೆ ಅದೇ ಗುಂಪು ಇನ್ನೊಂದು ಭಂಗಿಯಲ್ಲಿ ಕೂತ ಚಿತ್ರ ಸಿಗುತ್ತದೆ, ರಸಾಯನಶಾಸ್ತ್ರ ಅದನ್ನು ಒಪ್ಪುತ್ತದೆ. ಅವಳಿಯ ಗುಡ್ಡೆಗಳು ಎಲ್ಲೆಂದರಲ್ಲಿ ಏಳುತ್ತವೆ, ಪರಮಾಣು ಇರಲು ಸಾಧ್ಯವೇ ಇಲ್ಲದ ಕಡೆಗಳಲ್ಲೂ, ಬಂಧದ ಉದ್ದಕ್ಕೆ ಹೊಂದದ ದೂರಗಳಲ್ಲೂ. ಎಲಿಪ್ಸಾಯ್ಡುಗಳು ಇಡೀ ಅಣುವಿನಲ್ಲಿ, ಡಿಸಾರ್ಡರ್ ಆಗಲು ಕಾರಣವೇ ಇಲ್ಲದ ಬೆಂಜೀನ್ ಉಂಗುರದಲ್ಲೂ, ಕೆಟ್ಟಿರುತ್ತವೆ. ಅನುಮಾನ ಬರಬೇಕಾದ್ದು ಇಡೀ ಅಣುವಿನ ನೆರಳೊಂದು ಪಕ್ಕಕ್ಕೆ ಸರಿದು ನಿಂತಂತೆ ಕಂಡಾಗ. ಅದು ಇಡೀ ಅಣುವಿನ ಡಿಸಾರ್ಡರ್ ಇರಬಹುದು, ಆದರೆ ಗಮನಕ್ಕೆ ಬಾರದ ಅವಳಿ ಅಥವಾ ಪದರಗಳ ಎಡವಟ್ಟು ಇರುವ ಸಂಭವವೇ ಹೆಚ್ಚು. ಇಂಥಲ್ಲಿ ಪರಮಾಣುಗಳನ್ನು ಎರಡು ಮಾಡುವ ಮುನ್ನ ಉಟ್ರೆಕ್ಟಿನ ಟಾನ್ ಸ್ಪೆಕ್ ರೂಪಿಸಿದ ಪ್ಲೇಟನ್ ತಂತ್ರಾಂಶದ ಟ್ವಿನ್-ರಾಟ್-ಮ್ಯಾಟ್ ಸೌಲಭ್ಯವನ್ನೊಮ್ಮೆ ಓಡಿಸಿ ನೋಡಿ. ಜಗಳದ ಚುಕ್ಕಿಗಳನ್ನು ಇಟ್ಟುಕೊಂಡೇ ಅದು ಸಾಧ್ಯವಿರುವ ಅವಳಿ ನಿಯಮವನ್ನು ಸೂಚಿಸುತ್ತದೆ.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಮಾನೊಕ್ಲಿನಿಕ್ ಕೋಶ, ಬೀಟಾ 90.1 ಡಿಗ್ರಿ. ಸಮಾನ ಚುಕ್ಕಿಗಳ ಹೊಂದಾಣಿಕೆ ಹೇಳುವ ಆರ್-ಇಂಟ್ ಮಾನೊಕ್ಲಿನಿಕ್‌ನಲ್ಲಿ 0.04, ಆರ್ಥೊರಾಂಬಿಕ್ ಎಂದುಕೊಂಡರೆ 0.18. ಅವಳಿಯಿಲ್ಲದ ಮಾನೊಕ್ಲಿನಿಕ್ ಸ್ಫಟಿಕದಲ್ಲಿ ಈ ಎರಡನೆಯ ಸಂಖ್ಯೆ 0.4, 0.5 ಇರಬೇಕಿತ್ತು, ನಿಜವಾದ ಆರ್ಥೊರಾಂಬಿಕ್ ಆಗಿದ್ದರೆ 0.04ರ ಬಳಿಯೇ ಇರಬೇಕಿತ್ತು. ನಡುವೆ ತೂಗಾಡುತ್ತಿದೆ ಎಂದರೆ ಭಾಗಶಃ ಅವಳಿ. ಶೆಲ್ಎಕ್ಸ್ಎಲ್ ಫೈಲಿನಲ್ಲಿ ‘ಟ್ವಿನ್ 1 0 0 0 -1 0 0 0 -1’ ಎಂಬ ಸಾಲು ಹಾಕಿ, ಅಂದರೆ ಎ ಅಕ್ಷದ ಸುತ್ತ ಅರ್ಧ ಸುತ್ತು. ಕೆಳಗೆ ‘ಬಾಸ್ಫ್ 0.3’ ಎಂದು ಎರಡನೆಯ ಭಾಗದ ಪಾಲಿನ ಊಹೆ. ಆರ್ ಶೇ 13ರಿಂದ 4.5ಕ್ಕೆ ಇಳಿದು, ಬಾಸ್ಫ್ 0.27ರಲ್ಲಿ ಸಣ್ಣ ದೋಷದೊಡನೆ ನೆಲೆಗೊಂಡು, ಗುಡ್ಡೆಗಳು ಮಾಯವಾಗಿ, ಬೆಂಜೀನ್ ಉಂಗುರ ದುಂಡಗಾದರೆ ಕೆಲಸ ಆಯಿತು. ಮೊದಲು ಡಿಸಾರ್ಡರ್ ಎಂದು ಬರೆದಿಟ್ಟಿದ್ದ ಪರಮಾಣುಗಳಲ್ಲಿ ಈಗ ಎಷ್ಟು ಬೇಕು ಎಂದು ನೋಡಿ. ಅನೇಕ ಸಲ ಒಂದೂ ಬೇಕಾಗುವುದಿಲ್ಲ.

ಆರ್ ಮೂರು ನಾಲ್ಕು ಅಂಶ ಇಳಿದ ಮಾತ್ರಕ್ಕೆ ಹಿಗ್ಗಬೇಡಿ. ಅವಳಿ ಮಾದರಿಯಲ್ಲಿ ಎರಡು ತೀವ್ರತೆಗಳು ಬೆರೆಯುವುದರಿಂದ ತಪ್ಪು ರಚನೆಗೂ ಆರ್ ತನ್ನಷ್ಟಕ್ಕೆ ಕಡಿಮೆ ಬರುತ್ತದೆ. ಬಾಸ್ಫ್ 0.02 ಬಂದು ಅದರ ದೋಷವೂ 0.02 ಇದ್ದರೆ ಅಲ್ಲಿ ಅವಳಿ ಇಲ್ಲ.

ಅತ್ಯಂತ ನಾಜೂಕಾದ ಪ್ರಶ್ನೆ ಬಾಸ್ಫ್ ಸರಿಯಾಗಿ 0.5 ಎಂದು ಬಂದಾಗ ಏಳುತ್ತದೆ. ಆಗ ಒಂದೇ ಡೇಟಾಕ್ಕೆ ಎರಡು ಓದು ಸಾಧ್ಯ: ಕೆಳ ಸಮ್ಮಿತಿಯ ರಚನೆ, ಅರ್ಧರ್ಧ ಅವಳಿ, ಅಥವಾ ಮೇಲು ಸಮ್ಮಿತಿಯ ರಚನೆ, ಅರ್ಧರ್ಧ ಡಿಸಾರ್ಡರ್. ಇ ಮೌಲ್ಯದ ಸರಾಸರಿ ಕೆಳಗಿಳಿದಿದ್ದರೆ ಮೊದಲನೆಯದು, ಮಾಮೂಲಿಯಾಗಿದ್ದರೆ ಎರಡನೆಯದಕ್ಕೆ ಹೆಚ್ಚು ತೂಕ. ಮೇಲು ಸಮ್ಮಿತಿಯಲ್ಲಿ ಎರಡು ಭಂಗಿಗಳೂ ಚೆನ್ನಾಗಿ ರಿಫೈನ್ ಆಗುತ್ತವೆಯೇ ನೋಡಿ. ಅಷ್ಟಕ್ಕೂ ಬಗೆಹರಿಯದಿದ್ದರೆ ಅದೇ ಸೀಸೆಯಿಂದ ಇನ್ನೊಂದು, ಮತ್ತೊಂದು ಸ್ಫಟಿಕ ತೆಗೆದು ಅಳೆಯಿರಿ. ಅವಳಿಯ ಪಾಲು ಸ್ಫಟಿಕದಿಂದ ಸ್ಫಟಿಕಕ್ಕೆ ಬದಲಾಗುತ್ತದೆ, ಒಂದರಲ್ಲಿ 0.5 ಇದ್ದದ್ದು ಇನ್ನೊಂದರಲ್ಲಿ 0.2 ಆಗುತ್ತದೆ. ಡಿಸಾರ್ಡರ್‌ನ ಪಾಲು ಆ ವಸ್ತುವಿನ ಗುಣ. ಅದೇ ಉಷ್ಣತೆಯಲ್ಲಿ, ಅದೇ ರೀತಿ ಬೆಳೆದ ಎಲ್ಲ ಸ್ಫಟಿಕಗಳಲ್ಲೂ ಸಾಮಾನ್ಯವಾಗಿ ಅಷ್ಟೇ ಬರುತ್ತದೆ. ಯಂತ್ರದ ಸಮಯ ಸಿಗುವುದು ಕಷ್ಟ ಎಂದು ಗೊತ್ತು, ಆದರೂ ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಇನ್ನೊಂದಿಲ್ಲ. ಎಡಗೈ-ಬಲಗೈ ರಚನೆಗಳ ಅವಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೋವರ್ಡ್ ಫ್ಲ್ಯಾಕ್ 1983ರಲ್ಲಿ ಕೊಟ್ಟ ಪ್ಯಾರಾಮೀಟರ್ 0.5ಕ್ಕೆ ಬಂದರೆ ಅದು ಆ ಬಗೆಯ ಅವಳಿ ಇರಬಹುದು, ನಾವೇ ಸಮ್ಮಿತಿ ಕೇಂದ್ರವೊಂದನ್ನು ಮರೆತಿರಲೂಬಹುದು.

ಡಿಸಾರ್ಡರ್ ಎಂದು ಖಚಿತವಾದ ಮೇಲಿನ ಕೆಲಸ ಹೆಚ್ಚು ತಾಳ್ಮೆಯದು, ಕಡಿಮೆ ಗೊಂದಲದ್ದು. ಎರಡು ಭಂಗಿಗಳನ್ನು ಪಾರ್ಟ್ 1, ಪಾರ್ಟ್ 2 ಎಂದು ಬೇರ್ಪಡಿಸಿ, ಪಾಲನ್ನು ಒಂದು ಫ್ರೀ ವೇರಿಯಬಲ್‌ಗೆ ಕಟ್ಟಿ, ಸಾಡಿ, ಸಿಮು, ರಿಗು ನಿರ್ಬಂಧಗಳಿಂದ ಆಕಾರ ಕಾಯ್ದುಕೊಳ್ಳಿ. ಕೋಣೆಯ ಉಷ್ಣತೆಯಲ್ಲಿದ್ದ ಡಿಸಾರ್ಡರ್ 100 ಕೆಲ್ವಿನ್‌ನಲ್ಲಿ ಕರಗಿದರೆ ಅದು ಅಣುವಿನ ಚಲನೆಯಿಂದ ಬಂದದ್ದು. ಹಾಗೇ ಉಳಿದರೆ ಸ್ಫಟಿಕ ಬೆಳೆಯುವಾಗಲೇ ಹೆಪ್ಪುಗಟ್ಟಿದ್ದು. ಆಜುಲೀನ್ ಈ ಎರಡನೆಯದಕ್ಕೆ ಹಳೆಯ ಮಾದರಿ: ಐದರ ಉಂಗುರಕ್ಕೆ ಏಳರ ಉಂಗುರ ಅಂಟಿದ ಈ ಅಣುವಿಗೆ ಸಮ್ಮಿತಿ ಕೇಂದ್ರವಿಲ್ಲ, ಆದರೆ ಸ್ಫಟಿಕದಲ್ಲಿ ಅದು ತಲೆ-ಬಾಲ ಅದಲುಬದಲಾಗಿ ಕೂತು, ಸರಾಸರಿಯಲ್ಲಿ ಕೇಂದ್ರವಿರುವಂತೆ ಕಾಣುತ್ತದೆ. ದ್ರಾವಕದ ಗುಂಡಿಯಲ್ಲಿ ಏನೂ ಗುರುತಿಸಲಾಗದಿದ್ದಾಗ ಪ್ಲೇಟನ್‌ನ ಸ್ಕ್ವೀಝ್ ಸೌಲಭ್ಯ ಬಳಸಬಹುದು. ಆದರೆ ಅವಳಿಯನ್ನು ಸರಿಪಡಿಸುವ ಮುನ್ನ ಸ್ಕ್ವೀಝ್ ಹಾಕಿದರೆ ಅವಳಿಯ ಕಸವನ್ನು ದ್ರಾವಕದ ಲೆಕ್ಕಕ್ಕೆ ಬರೆದಂತೆ.

ಆಸ್ಪಿರಿನ್ ಕಲಿಸಿದ್ದು

ಅವಳಿ ಮತ್ತು ಡಿಸಾರ್ಡರ್‌ಗಳ ನಡುವಿನ ಗಡಿಯ ಮೇಲೇ ನಿಂತ ವಸ್ತು ನಮ್ಮೆಲ್ಲರ ಮನೆಯ ಔಷಧಿ ಡಬ್ಬಿಯಲ್ಲಿದೆ. ಆಸ್ಪಿರಿನ್‌ನ ಸ್ಫಟಿಕ ರಚನೆಯನ್ನು ಪಿ.ಜೆ. ವೀಟ್ಲಿ 1964ರಲ್ಲಿ ಪ್ರಕಟಿಸಿದರು. 2005ರಲ್ಲಿ ಎರಡನೆಯ ರೂಪ ಸಿಕ್ಕಿದೆ ಎಂಬ ವರದಿ ಬಂತು. ಎರಡು ರೂಪಗಳಲ್ಲೂ ಅಣುಗಳ ಪದರ ಒಂದೇ. ಪಕ್ಕದ ಪದರಕ್ಕೆ ಹೋಲಿಸಿದರೆ ಎರಡನೆಯ ರೂಪದಲ್ಲಿ ಪದರ ಅರ್ಧ ಸಿ ಅಕ್ಷದಷ್ಟು ಸರಿದಿದೆ, ಅಷ್ಟೇ. ಇದು ಹೊಸ ರೂಪವೋ, ಡೇಟಾದ ದೋಷವೋ ಎಂಬ ಚರ್ಚೆ ಎದ್ದಿತು. 2007ರಲ್ಲಿ ಆಂಡ್ರ್ಯೂ ಬಾಂಡ್, ರೋಲಾಂಡ್ ಬೋಸೆ ಮತ್ತು ಗೌತಮ್ ದೇಶಿರಾಜು ಕಚ್ಚಾ ಫ್ರೇಮುಗಳಿಗೇ ಮರಳಿದರು. ದೇಶಿರಾಜು ಆಗ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅರ್ಧ ಅಕ್ಷದ ಸರಿತ ಎಲ್ ಸೂಚ್ಯಂಕ ಸಮವಾಗಿರುವ ಚುಕ್ಕಿಗಳನ್ನು ಮುಟ್ಟುವುದಿಲ್ಲ, ಬೆಸವಾಗಿರುವವನ್ನು ಮಾತ್ರ ಕೆದಕುತ್ತದೆ. ಫ್ರೇಮಿನಲ್ಲಿ ಕಂಡದ್ದೂ ಹಾಗೇ: ಸಮ ಚುಕ್ಕಿಗಳು ಚೂಪು, ಬೆಸ ಚುಕ್ಕಿಗಳ ಸಾಲಿನಲ್ಲಿ ಎಳೆದ ಗೆರೆ, ಆ ಗೆರೆಯ ಮೇಲೆ ಎರಡೂ ರೂಪಗಳ ಗುರುತು. ಒಂದೇ ಸ್ಫಟಿಕದೊಳಗೆ ಎರಡೂ ರೂಪಗಳ ಭಾಗಗಳು ಹೆಣೆದುಕೊಂಡು ಬೆಳೆದಿವೆ ಎಂದು ಅವರು ತೋರಿಸಿದರು. ಎರಡು ಭಾಗಗಳೂ ಒಂದೇ ರಚನೆಯವಲ್ಲವಾದ್ದರಿಂದ ಇದನ್ನು ಶುದ್ಧ ಅವಳಿ ಎನ್ನಲಾಗದು. ಭಾಗಗಳು ಬೇರೆ ಬೇರೆಯಾಗಿ ಗುರುತಾಗುವಷ್ಟು ದೊಡ್ಡವಾದ್ದರಿಂದ ಬರೀ ಡಿಸಾರ್ಡರ್ ಎಂದೂ ಹೇಳಲಾಗದು. ಮುಂದೆ ಎರಡನೆಯ ರೂಪದ ಶುದ್ಧ ಸ್ಫಟಿಕಗಳೂ ಸಿಕ್ಕವು. ಗೆರೆಗಳಿದ್ದ ಫ್ರೇಮುಗಳನ್ನು ಹಾಗೇ ಬಿಟ್ಟು, ಇಂಟಿಗ್ರೇಟ್ ಮಾಡಿದ ಸಂಖ್ಯೆಗಳನ್ನಷ್ಟೇ ನೋಡಿದ್ದರೆ ಇದು ‘ಆರ್ ಸ್ವಲ್ಪ ಹೆಚ್ಚಿರುವ ಡಿಸಾರ್ಡರ್ ರಚನೆ’ ಎಂದು ಮುಗಿದುಹೋಗುತ್ತಿತ್ತು.

ಔಷಧಿ ಕಂಪನಿಗಳಿಗೆ ಕೆಲಸ ಮಾಡುವವರಿಗೆ ಇದು ಬರೀ ಪಾಂಡಿತ್ಯದ ವಿಷಯವಲ್ಲ. ಒಂದು ವಸ್ತುವಿಗೆ ಎಷ್ಟು ಸ್ಫಟಿಕ ರೂಪಗಳಿವೆ ಎಂಬುದರ ಮೇಲೆ ಅದು ಎಷ್ಟು ಬೇಗ ಕರಗುತ್ತದೆ, ಎಷ್ಟು ದಿನ ಕೆಡದೆ ಉಳಿಯುತ್ತದೆ, ಪೇಟೆಂಟ್ ಯಾರದು ಎಂಬ ಪ್ರಶ್ನೆಗಳೆಲ್ಲ ನಿಂತಿವೆ.

ಪ್ರಬಂಧ ಬರೆಯುವಾಗ ಅವಳಿ ನಿಯಮ, ಪಾಲು, ಅದರ ದೋಷ, ಯಾವ ಪುರಾವೆಯಿಂದ ಅವಳಿ ಎಂದು ನಿರ್ಧರಿಸಿದಿರಿ ಎಂಬುದನ್ನು ಪ್ರಯೋಗ ಭಾಗದಲ್ಲೇ ಹೇಳಿ. ಡಿಸಾರ್ಡರ್ ಇದ್ದರೆ ಯಾವ ಗುಂಪು, ಯಾವ ಪಾಲು, ಯಾವ ನಿರ್ಬಂಧ ಎಂದು ಬರೆಯಿರಿ. ಎರಡೂ ಒಟ್ಟಿಗೆ ಇರುವ ಸ್ಫಟಿಕಗಳು ಅಪರೂಪವೇನಲ್ಲ. ಅಲ್ಲಿ ಮೊದಲು ಅವಳಿಯನ್ನು ಸರಿಪಡಿಸಿ, ಆಮೇಲೆ ಉಳಿದ ಗುಡ್ಡೆಗಳಿಗೆ ಡಿಸಾರ್ಡರ್ ಮಾದರಿ ಕಟ್ಟಿ. ಇತ್ತೀಚಿನ ಶೆಲ್ಎಕ್ಸ್ಎಲ್ ತೀವ್ರತೆಗಳ ಪಟ್ಟಿಯನ್ನೂ ರಿಫೈನ್‌ಮೆಂಟ್ ಸೂಚನೆಗಳನ್ನೂ ಸಿಐಎಫ್ ಫೈಲಿನೊಳಗೇ ಸೇರಿಸುತ್ತದೆ, ಅವನ್ನು ಅಳಿಸದೆ ಕೇಂಬ್ರಿಡ್ಜ್ ದತ್ತಸಂಚಯಕ್ಕೆ ಕಳಿಸಿ. ಫ್ರೇಮುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ, ಆದ್ದರಿಂದಲೇ ಅವು ಮೊದಲು ಕಳೆದುಹೋಗುತ್ತವೆ. ಪ್ರಯೋಗಾಲಯದ ಹಾರ್ಡ್ ಡಿಸ್ಕಿನಲ್ಲಿ ಸ್ಫಟಿಕದ ಹೆಸರು, ತಾರೀಖು, ಉಷ್ಣತೆ ಬರೆದು ಅವನ್ನು ಎರಡು ಪ್ರತಿ ಇಡಿ. ಹತ್ತು ವರ್ಷದ ನಂತರ ಯಾರಾದರೂ ನಿಮ್ಮ ಡಿಸಾರ್ಡರ್ ಅವಳಿಯಲ್ಲವೇ ಎಂದು ಕೇಳಿದರೆ ಆ ಫ್ರೇಮುಗಳಿಂದಷ್ಟೇ ಉತ್ತರ ಕೊಡಲು ಸಾಧ್ಯ.